ಪಲ್ಪರ್ ನೀರಿನಿಂದ ಹೈಡ್ರೋಜನ್: 20 ಲೀಟರ್ ಕ್ಯಾನಿನಲ್ಲಿ ಮಾಡಿ ನೋಡಿ

ಅರೇಬಿಕಾ ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರನ್ನು ಎಲ್ಲಿಗೆ ಬಿಡುವುದೆಂಬುದೇ ತಲೆನೋವು. ಹಣ್ಣಿನ ಲೋಳೆಯ ಸಕ್ಕರೆ ಹಳ್ಳ ಸೇರಿದರೆ ಮೀನು ಸಾಯುತ್ತವೆ. ಅದೇ ಸಕ್ಕರೆ ಗಾಳಿಯಾಡದ ಕ್ಯಾನಿನಲ್ಲಿ ಹುದುಗಿದರೆ ಹೈಡ್ರೋಜನ್ ಕೊಡುತ್ತದೆ.

ನೀರು ಅಂದಿನದೇ ಇರಲಿ. ಒಂದು ರಾತ್ರಿ ಕಳೆದರೂ ಹುಳಿಯಾಗಿ ಸಕ್ಕರೆ ಕಡಿಮೆಯಾಗಿರುತ್ತದೆ. ಸಿಪ್ಪೆ ಸೋಸಿ 16 ಲೀಟರ್ ತೆಗೆದುಕೊಳ್ಳಿ. ಈ ನೀರಿನಲ್ಲಿ ಸಾರಜನಕ ಕಡಿಮೆ, ಆದ್ದರಿಂದ 5 ಗ್ರಾಂ ಯೂರಿಯಾ, 2 ಗ್ರಾಂ ಡಿಎಪಿ ಗೊಬ್ಬರ ಕರಗಿಸಿ. ಸುಣ್ಣದ ಹಾಲು ಬೆರೆಸಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ಕ್ಕೆ ತನ್ನಿ.

ಇನ್ನು ಹೆಪ್ಪು. ಗೋಬರ್ ಗ್ಯಾಸಿನ ಬಗ್ಗಡ 2 ಲೀಟರ್ ಸೋಸಿ, 90 ಡಿಗ್ರಿಯಲ್ಲಿ 45 ನಿಮಿಷ ಕಾಯಿಸಿ. ಅಡುಗೆಮನೆಯಲ್ಲಿ ಬೇಡ, ಅಂಗಳದಲ್ಲಿ, ನೊರೆಯುಕ್ಕಿ ನಾರುತ್ತದೆ. ಇಡೀ ಕೆಲಸದ ಗುಟ್ಟು ಇಲ್ಲಿದೆ. ಹುಟ್ಟಿದ ಹೈಡ್ರೋಜನ್ನನ್ನು ತಿಂದು ಮೀಥೇನ್ ಮಾಡುವ ಜೀವಿಗಳು ಈ ಬಿಸಿಗೆ ಸಾಯುತ್ತವೆ, ಹೈಡ್ರೋಜನ್ ಕೊಡುವ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾ ಬಿಸಿ ತಾಳುವ ಬೀಜಾಣುವಾಗಿ ಬದುಕುಳಿಯುತ್ತದೆ. ಆರಿದ ಮೇಲೆ ಕ್ಯಾನಿಗೆ ಸುರಿದು ಮುಚ್ಚಳ ಬಿಗಿ ಮಾಡಿ.

ಮುಚ್ಚಳಕ್ಕೆ ಎರಡು ಪೈಪು: ದ್ರವದೊಳಗೆ ಮುಳುಗಿದ್ದು ಸುಣ್ಣ ಹಾಕಲು, ಇದಕ್ಕೆ ವಾಲ್ವ್ ಇರಬೇಕು, ಮೇಲುಳಿದದ್ದು ಗ್ಯಾಸಿಗೆ. ಪಿಎಚ್ ನೋಡಲು ತಳದಲ್ಲೊಂದು ನಲ್ಲಿ. ಗ್ಯಾಸ್ ಪೈಪು ಮೊದಲು ಖಾಲಿ ಬಾಟಲಿಗೆ, ಅಲ್ಲಿಂದ 1 ಲೀಟರ್ ನೀರಿಗೆ 80 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ ಬಾಟಲಿಗೆ, ಕೊನೆಗೆ ನೀರಿನಲ್ಲಿ ಬೋರಲು ಹಾಕಿದ ಅಳತೆ ಜಾಡಿಗೆ. ಕಾಸ್ಟಿಕ್ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. (ಸೋಡಾವನ್ನೇ ನೀರಿಗೆ ಹಾಕಿ, ನೀರನ್ನು ಸೋಡಾಕ್ಕಲ್ಲ. ಕನ್ನಡಕ, ಕೈಗವಸು ಬೇಕೇ ಬೇಕು.) ಖಾಲಿ ಬಾಟಲಿ ಇಡದಿದ್ದರೆ ರಾತ್ರಿ ಚಳಿಗೆ ಗ್ಯಾಸ್ ಕುಗ್ಗಿ ಕಾಸ್ಟಿಕ್ ಕ್ಯಾನಿನೊಳಕ್ಕೆ ಸೇದಿಕೊಂಡು ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಕ್ಯಾನನ್ನು 35–37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿಡಿ. ಸಾಮಾನ್ಯವಾಗಿ ಒಂದು ದಿನದೊಳಗೆ ಗುಳ್ಳೆ ಏಳುತ್ತದೆ. ಮೊದಲ 4–5 ಲೀಟರಿನಲ್ಲಿ ಗಾಳಿ ಬೆರೆತಿರುತ್ತದೆ, ಬಯಲಿಗೆ ಬಿಡಿ. ನಾಲ್ಕು ಗಂಟೆಗೊಮ್ಮೆ ಕ್ಯಾನು ಅಲುಗಿಸಿ, ಪಿಎಚ್ ನೋಡಿ, ಇಳಿದರೆ ಸುಣ್ಣದ ಹಾಲು ಹಾಕಿ 5.5ರ ಆಸುಪಾಸಿನಲ್ಲಿಡಿ. 5ಕ್ಕಿಂತ ಇಳಿದರೆ ಗ್ಯಾಸ್ ಸೊರಗಿ ನಿಲ್ಲುತ್ತದೆ. 6.5 ದಾಟಿದರೆ ಅಳಿದುಳಿದ ಮೀಥೇನಿನ ಜೀವಿಗಳು ಮತ್ತೆ ತಲೆಯೆತ್ತುತ್ತವೆ. ನೀರಿನಲ್ಲಿ ಲೀಟರಿಗೆ 5 ಗ್ರಾಂ ಸಕ್ಕರೆಯಿದ್ದು ಎಲ್ಲ ಸರಿಯಾದರೆ ಎರಡು–ಮೂರು ದಿನಕ್ಕೆ ಸುಮಾರು 15 ಲೀಟರ್ ಹೈಡ್ರೋಜನ್ ನಿರೀಕ್ಷಿಸಬಹುದು.

ಹಳಸಿದ ಬೆಣ್ಣೆಯ ವಾಸನೆ ಬಂದರೆ ಹೈಡ್ರೋಜನ್ನಿನ ಜೊತೆಗೇ ಹುಟ್ಟುವ ಬ್ಯುಟಿರಿಕ್ ಆಮ್ಲ ಆಗುತ್ತಿದೆ ಎಂದರ್ಥ, ಒಳ್ಳೆಯದೇ. ಗ್ಯಾಸ್ ಪರೀಕ್ಷಿಸಲು ಕ್ಯಾನಿನಿಂದ ದೂರ ಹೋಗಿ, ಒಂದೇ ಒಂದು ಸಣ್ಣ ಪ್ರನಾಳದಲ್ಲಿ ಹಿಡಿದು ಕಡ್ಡಿ ತೋರಿಸಿ. ಟಪ್ ಎಂದರೆ ಹೈಡ್ರೋಜನ್. ಸದ್ದಿಲ್ಲದೆ ನೀಲಿಯಾಗಿ ಉರಿದರೆ ಮೀಥೇನ್, ಬಗ್ಗಡ ಸರಿಯಾಗಿ ಕಾದಿಲ್ಲ. ಗಾಳಿಯಲ್ಲಿ 4ರಿಂದ 75 ಶೇಕಡಾ ಇದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೋಣೆ, ಬೀಡಿ, ಸ್ವಿಚ್ ಹತ್ತಿರ ಬೇಡ.

ಇಷ್ಟಾದರೂ ನೀರು ಶುದ್ಧವಾಗಿಲ್ಲ. ಸಕ್ಕರೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಹೈಡ್ರೋಜನ್ ಆಗಬಲ್ಲದು, ಉಳಿದದ್ದು ಆಮ್ಲವಾಗಿ ನೀರಿನಲ್ಲೇ ಇರುತ್ತದೆ. ಪಿಎಚ್ 7ಕ್ಕೆ ತಂದು ದಿನಕ್ಕೆ ನಾಲ್ಕೈದು ಲೀಟರಿನಂತೆ ಗೋಬರ್ ಗ್ಯಾಸಿನ ಗುಂಡಿಗೆ ಹಾಕಿ. ಗುಂಡಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.