ಲೆಕ್ಕ ಬರೆಯೋರಿಗೆ ಪರೀಕ್ಷೆ ಇಟ್ಟೆ, ನಕ್ಕವರೇ ಈಗ ಬಂದು ಚೀಲ ಕೇಳ್ತಿದಾರೆ

ನಮ್ದು ದಾವಣಗೆರೇಲಿ ಮಂಡಕ್ಕಿ, ಖಾರ, ಮಿಕ್ಸ್ಚರ್ ವ್ಯಾಪಾರ, ವರ್ಷಕ್ಕೆ ಹತ್ರ ಹತ್ರ ಒಂದೂಮುಕ್ಕಾಲು ಕೋಟಿ ಟರ್ನೋವರ್. 2ಬಿ ಅಂದ್ರೆ ನಮ್ಗೆ ಮಾಲು ಕೊಟ್ಟೋರು ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದ ಬಿಲ್‌ಗಳ ಪಟ್ಟಿ, 3ಬಿ ಅಂದ್ರೆ ಟ್ಯಾಕ್ಸ್ ಕಟ್ಟೋ ತಿಂಗಳ ರಿಟರ್ನ್, ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್, ಇಷ್ಟು ಗೊತ್ತಿದ್ರೆ ಸಾಕು. 2025ರ ಏಪ್ರಿಲ್‌ನಲ್ಲಿ ಲೆಕ್ಕ ಬರೆಯೋರನ್ನ ಪರೀಕ್ಷೆ ಮಾಡಿ ತಗೊಳ್ತೀನಿ ಅಂದಾಗ ನಮ್ಮ ಭಾವ "ಏನಪಾ, ಲೆಕ್ಕ ಬರೆಯೋರಿಗೆ ಎಂಟ್ರೆನ್ಸ್ ಇಡ್ತೀಯ, ನಾಳೆ ಹಮಾಲಿಗೂ ಇಡ್ತೀಯೇನು" ಅಂತ ಮನೆಮಂದಿ ಮುಂದೆಲ್ಲ ನಕ್ಕಿದ್ರು. ಅದಕ್ಕೇ ಇದು.

ಮೊದ್ಲು ಕಳ್ಕೊಂಡ ದುಡ್ಡಿನ ಲೆಕ್ಕ. ಹಳೇ ಆಫೀಸ್‌ನೋರು ತಿಂಗಳಿಗೆ 1,500 ತಗೊಳ್ತಿದ್ರು. ಬೋರ್ಡ್ ಮೇಲೆ ಆಡಿಟರ್ ಅಂತಿತ್ತು, ಸಿಎ ಆಗಿರ್ಲಿಲ್ಲ. ಇರ್ಲಿ, 3ಬಿ ಹಾಕಕ್ಕೆ ಸಿಎನೇ ಬೇಕು ಅಂತೇನಿಲ್ಲ. ಆದ್ರೆ ಪೋರ್ಟಲ್‌ನಲ್ಲಿ ನಮ್ಮ ಅಂಗಡಿ ಹೆಸರಿಗೆ ಕೊಟ್ಟಿದ್ದ ಮೊಬೈಲೂ ಅವ್ರದ್ದೇ, ಇಮೇಲೂ ಅವ್ರದ್ದೇ. ಪ್ಯಾಕಿಂಗ್ ಫಿಲ್ಮ್ ಕೊಡ್ತಿದ್ದ ಪಾರ್ಟಿ ಎಷ್ಟೋ ತಿಂಗಳು ಜಿಎಸ್‌ಟಿಆರ್-1 (ಮಾರಾಟದ ಬಿಲ್ ತೋರ್ಸೋ ರಿಟರ್ನ್) ಹಾಕಿರ್ಲಿಲ್ಲ, ಬಿಲ್ 2ಬಿಲಿ ಬಂದೇ ಇಲ್ಲ, ಇವ್ರು ಕೈಲಿದ್ದ ಬಿಲ್ ನೋಡ್ಕೊಂಡು ಪೂರ್ತಿ ಇನ್‌ಪುಟ್ (ಖರೀದಿ ಮೇಲೆ ಕೊಟ್ಟ ಟ್ಯಾಕ್ಸನ್ನ ನಾವು ಕಟ್ಟೋ ಟ್ಯಾಕ್ಸಲ್ಲಿ ಕಳೆಯೋದು) ತಗೊಂಡುಬಿಟ್ಟಿದ್ರು, 2022ರ ಜನವರಿಯಿಂದ 2ಬಿಲಿ ಇಲ್ಲದ ಇನ್‌ಪುಟ್ ದಕ್ಕಲ್ಲ ಅಂತ ನಮ್ಗೆಲ್ಲ ಗೊತ್ತಿರೋದೇ. ಎಎಸ್‌ಎಂಟಿ-10, ಅಂದ್ರೆ ರಿಟರ್ನ್‌ನಲ್ಲಿ ವ್ಯತ್ಯಾಸ ಇದೆ ಅನ್ನೋ ನೋಟಿಸ್, ಬಂದು ಅಡಿಷನಲ್ ನೋಟಿಸಸ್ ಅನ್ನೋ ಮೂಲೇಲಿ ಕೂತಿತ್ತು, ಮೆಸೇಜ್ ನಂಗೆ ಬರ್ಲಿಲ್ಲ, ನೋಡೋ ಹೊತ್ತಿಗೆ ಉತ್ತರ ಕೊಡೋ 30 ದಿನ ಮುಗ್ದೇ ಹೋಗಿತ್ತು. ಡಿಆರ್‌ಸಿ-03 ಅನ್ನೋ ಫಾರಂನಲ್ಲಿ ಕಟ್ಟಿದ್ದು 18% ಬಡ್ಡಿ ಸೇರಿ ಒಂದು ಲಕ್ಷದ ಅರವತ್ತು ಸಾವಿರದ ಆಸುಪಾಸು.

ಆಮೇಲೆ ಗೋಡೌನ್ ಬಾಡಿಗೆ. ಓನರ್‌ಗೆ ಜಿಎಸ್‌ಟಿ ನಂಬರ್ ಇಲ್ಲ, 2024ರ ಅಕ್ಟೋಬರ್ 10ರಿಂದ ಅಂಥ ಕಮರ್ಷಿಯಲ್ ಬಾಡಿಗೆಗೆ ಬಾಡಿಗೆದಾರನೇ ಆರ್‌ಸಿಎಂನಲ್ಲಿ (ಮಾರೋನ ಬದ್ಲು ಕೊಳ್ಳೋನೇ ಟ್ಯಾಕ್ಸ್ ಕಟ್ಟೋ ಪದ್ಧತಿ) 18% ಕಟ್ಬೇಕು. 22 ಸಾವಿರ ಬಾಡಿಗೆಗೆ ತಿಂಗಳಿಗೆ ನಾಲ್ಕು ಸಾವಿರದ ಹತ್ರ, ಮಾರ್ಚ್‌ವರೆಗೂ ಒಬ್ರೂ ಸೊಲ್ಲೆತ್ತಲಿಲ್ಲ. ಇದ್ರ ಮೇಲೆ ಬ್ಯಾಂಕಿನ ಸಿಸಿ (ವ್ಯಾಪಾರದ ಸಾಲ) ಲಿಮಿಟ್ ಜಾಸ್ತಿ ಮಾಡ್ಸೋಕೆ ಅದೇ ಆಫೀಸ್‌ನೋರು ಮಾಡ್ಸಿಕೊಟ್ಟ ಪ್ರೊವಿಶನಲ್ ಬ್ಯಾಲೆನ್ಸ್ ಶೀಟ್‌ಗೆ ಯಾರದ್ದೋ ಸಿಎ ಸೀಲ್ ಇತ್ತು, ಸಿಎ ಸೈನ್ ನಿಜವಾ ಅಂತ ನೋಡೋ ಯುಡಿಐಎನ್ ನಂಬರ್ ಇರ್ಲಿಲ್ಲ, ಬ್ಯಾಂಕ್‌ನೋರು ಟೇಬಲ್ ಮೇಲಿಂದಾನೇ ವಾಪಸ್ ತಳ್ಳಿದ್ರು.

ಸರಿ, ಎರಡು ಜರಡಿ ಇಟ್ಟೆ. ಮೊದಲ್ನೇದು ಕಾಗದದ್ದು, ಪುಕ್ಕಟೆ. ಜಿಎಸ್‌ಟಿ ಪ್ರಾಕ್ಟೀಶನರ್ (ಬೇರೆಯೋರ ರಿಟರ್ನ್ ಹಾಕೋಕೆ ಹೆಸರು ನೋಂದಾಯಿಸಿದೋರು) ಅಂತ ಹೇಳ್ಕೊಂಡೋರ ಎನ್‌ರೋಲ್‌ಮೆಂಟ್ ನಂಬರ್ ಕೇಳಿ ಪೋರ್ಟಲ್‌ನಲ್ಲಿ ಲೊಕೇಟ್ ಜಿಎಸ್‌ಟಿ ಪ್ರಾಕ್ಟೀಶನರ್‌ನಲ್ಲಿ ಹುಡುಕೋದು, ಅದಕ್ಕೆ ಲಾಗಿನ್ನೂ ಬೇಡ. ಆ ನೋಂದಣಿಯ ಪಿಸಿಟಿ-02 ಸರ್ಟಿಫಿಕೇಟ್ ಗೋಡೆ ಮೇಲೆ ಇಲ್ದಿದ್ರೂ ಪರ್ವಾಗಿಲ್ಲ ಫೈಲ್‌ನಲ್ಲಾದ್ರೂ ಇರ್ಬೇಕು. ವರ್ಷದ ಆಡಿಟ್ ಬೇರೆ ಕೆಲ್ಸ, ನಮ್ದು ಕ್ಯಾಶ್ ವ್ಯಾಪಾರ ಜಾಸ್ತಿ, ಕ್ಯಾಶ್ ಕಮ್ಮಿ ಇರೋರಿಗೆ ಕೊಟ್ಟಿರೋ 10 ಕೋಟಿವರೆಗಿನ ಆಡಿಟ್ ವಿನಾಯಿತಿ ನಮ್ಮಂಥೋರಿಗಲ್ಲ, ಆಡಿಟ್‌ಗೆ ಸಿಎನೇ ಬೇಕು, ಅವ್ರ ಹತ್ರ ಮೆಂಬರ್‌ಶಿಪ್ ನಂಬರ್ ಮಾತ್ರ ಅಲ್ಲ ಸರ್ಟಿಫಿಕೇಟ್ ಆಫ್ ಪ್ರಾಕ್ಟೀಸ್ ಇದೆಯಾ ಅಂತ ಕೇಳಿದೆ, ಎಲ್ಲೋ ಕಂಪನೀಲಿ ನೌಕರಿ ಮಾಡ್ತಾ ಪ್ರಾಕ್ಟೀಸ್ ಸರ್ಟಿಫಿಕೇಟ್ ಇಲ್ದೋರು ನಮ್ಮ ಆಡಿಟ್‌ಗೆ ಸೈನ್ ಹಾಕೋ ಹಾಗಿಲ್ಲ. ನಂಬರ್ ಕೇಳಿದ್ದಕ್ಕೆ ಒಬ್ರು "ನಮ್ಮ ಮೇಲೆ ನಂಬ್ಕೆ ಇಲ್ವಾ" ಅಂತ ಸಿಟ್ಟಾದ್ರು. ಇಷ್ಟರಲ್ಲೇ ಮೂರ್ನಾಲ್ಕು ಜನ ಉದುರಿದ್ರು.

ಎರಡ್ನೇದು ಚೀಲ. 2024ರ ನವೆಂಬರ್ ತಿಂಗಳ ಬಿಲ್ ಎಲ್ಲ ಜೆರಾಕ್ಸ್ ಮಾಡ್ಸಿ ಬಟ್ಟೆ ಚೀಲಕ್ಕೆ ತುಂಬಿ ಕೊಡೋದು, 3ಬಿ ವರ್ಕಿಂಗ್ ಮಾಡ್ಕೊಂಡು ಬನ್ನಿ ಅನ್ನೋದು, ಸರಿಯಾಗ್ಲಿ ತಪ್ಪಾಗ್ಲಿ ಸಾವಿರ ರೂಪಾಯಿ ಕೈಗೆ ಕೊಡೋದು. ಪುಕ್ಕಟೆ ಮಾಡಿ ಅಂದ್ರೆ ಯಾರೂ ಮನಸಿಟ್ಟು ಮಾಡಲ್ಲ. ನವೆಂಬರ್ ಯಾಕಂದ್ರೆ ಅವಾಗ ನಮ್ಮ ಮಾಲಲ್ಲಿ ಮೂರು ದರ ಇತ್ತು: ಲೂಸ್ ಮಂಡಕ್ಕಿಗೆ ಟ್ಯಾಕ್ಸೇ ಇಲ್ಲ, ಲೇಬಲ್ ಹಾಕಿ ಪ್ಯಾಕೆಟ್ ಮಾಡಿದ್ರೆ 5, ಲೂಸ್ ಮಿಕ್ಸ್ಚರ್ 5, ಪ್ಯಾಕೆಟ್ ಮಿಕ್ಸ್ಚರ್ 12. ಟ್ಯಾಕ್ಸ್ ಇಲ್ದಿರೋ ಮಾಲೂ ಇರೋದ್ರಿಂದ ಕಾಮನ್ ಖರ್ಚಿನ ಇನ್‌ಪುಟ್‌ನಲ್ಲಿ ಒಂದು ಪಾಲು ರೂಲ್ 42 ಪ್ರಕಾರ ವಾಪಸ್ ಬಿಡ್ಬೇಕು. ಜೊತೆಗೆ ಲಾರಿ ಬಾಡಿಗೆ, ಗೋಡೌನ್ ಬಾಡಿಗೆ. ರೂಲ್ 42 ನನ್ನ ಕೈಗೆ ಹತ್ತೋದಲ್ಲ, ಅದಕ್ಕೆ ಸರಿ ಉತ್ತರಾನ ಹುಬ್ಬಳ್ಳಿಯ ಒಬ್ರು ಸಿಎ ಹತ್ರ ಏಳೋ ಎಂಟೋ ಸಾವಿರ ಕೊಟ್ಟು ಮಾಡ್ಸಿಟ್ಕೊಂಡೆ. ಊರೊಳಗಿನೋರ ಹತ್ರ ಮಾಡ್ಸಿದ್ರೆ ಪೇಪರ್ ಲೀಕ್ ಆಗುತ್ತೆ.

ಚೀಲದಲ್ಲಿ ಬೇಕಂತಲೇ ಕೆಲವು ಬಿಲ್ ಸೇರ್ಸಿದ್ದೆ. ಒಂದು ಹೇಳ್ತೀನಿ, ಅಂಗಡಿ ಹೆಸರಿಗೆ ಮಾಡ್ಸಿದ ಮನೆ ಕಾರಿನ ರಿಪೇರಿ ಬಿಲ್, ಇನ್‌ಪುಟ್ ಬರಲ್ಲ. ಉಳ್ದಿದ್ದು ಹೇಳಲ್ಲ, ಮುಂದಿನ ಸಲಕ್ಕೂ ಬೇಕು.

ಮೊದಲ ಸುತ್ತು ನೆಲಕಚ್ಚಿತು. ಒಬ್ರು "2ಬಿ ನೋಡ್ಬೇಕು ಅಣ್ಣಾ" ಅಂತ ಲಾಗಿನ್ ಕೇಳಿದ್ರು, ಕೊಟ್ಟೆ, ಮಾರನೇ ದಿನ ಬೆಳಿಗ್ಗೆನೇ ನೀಟಾಗಿ ಪ್ರಿಂಟ್ ತಂದ್ರು, ನೋಡಿದ್ರೆ ಹಿಂದೆ ಫೈಲ್ ಆಗಿದ್ದ 3ಬಿನೇ ರೂಪಾಯಿ ಪೈಸೆ ಸಮೇತ, ಬಾಡಿಗೆ ಆರ್‌ಸಿಎಂ ಬಿಟ್ಟಿದ್ದೂ ಸೇರಿ! ಅಲ್ಲಿಂದಾಚೆ ಲಾಗಿನ್ ಇಲ್ಲ, 2ಬಿ ಎಕ್ಸೆಲ್ ಪ್ರಿಂಟ್ ಚೀಲದೊಳಗೇ. ಇನ್ನೊಬ್ರು ಹೆಸರುವಾಸಿ, ಅವ್ರು ಮಾಡ್ಲಿಲ್ಲ, ಆಫೀಸ್ ಹುಡುಗನ ಕೈಲಿ ಮಾಡ್ಸಿದ್ರು, ಕಾರ್ ಬಿಲ್ ಇನ್‌ಪುಟ್‌ಗೆ ಸೇರಿತ್ತು. ಒಟ್ಟು ಆರೇಳು ಸಾವಿರ ಹೀಗೇ ಹೋಯ್ತು, ಭಾವ ಅಂತೂ "ಬರಿ ಜೆರಾಕ್ಸ್ ಅಂಗಡಿಯೋನು ಉದ್ಧಾರ ಆದ" ಅಂದ್ರು.

ಸಿಕ್ಕಿದ್ದು ಹರಿಹರದ ಒಬ್ರು ಮೇಡಂ, ಬಿಕಾಂ, ಪ್ರಾಕ್ಟೀಶನರ್ ಎನ್‌ರೋಲ್‌ಮೆಂಟ್ ಇದೆ, ಮುಂಚೆ ಟ್ರಾನ್ಸ್‌ಪೋರ್ಟ್ ಆಫೀಸ್‌ನಲ್ಲಿ ಲೆಕ್ಕ ನೋಡ್ತಿದ್ರು. ಅವ್ರೂ ಪೂರ್ತಿ ಸರಿ ಮಾಡಿರ್ಲಿಲ್ಲ. ಆದ್ರೆ ವರ್ಕಿಂಗ್‌ಗಿಂತ ಮುಂಚೆ ಒಂದು ಹಾಳೆ ಪ್ರಶ್ನೆ ಕಳ್ಸಿದ್ರು: ಗೋಡೌನ್ ಓನರ್ ರಿಜಿಸ್ಟರ್ಡಾ, ಈ ಕ್ರೆಡಿಟ್ ನೋಟ್ ಯಾವ ಬಿಲ್‌ದು, ಈ ಪಾರ್ಟಿಗೆ 180 ದಿನದೊಳಗೆ ದುಡ್ಡು ಕೊಟ್ಟಿದೀರಾ. ಮಿಕ್ಕೋರು ಯಾರೂ ಒಂದು ಫೋನ್ ಸಹ ಮಾಡಿರ್ಲಿಲ್ಲ. ಅಲ್ಲೇ ತೀರ್ಮಾನ ಆಯ್ತು ನಂಗೆ.

ತಿಂಗಳಿಗೆ 5,500ಕ್ಕೆ ಮಾತಾಯ್ತು, ಆಡಿಟ್ ಸಿಎಗೆ ವರ್ಷಕ್ಕೆ ಸುಮಾರು 30 ಸಾವಿರ ಬೇರೆ. ಮೊಬೈಲ್, ಇಮೇಲ್ ನಂದು, ಪಾಸ್‌ವರ್ಡ್ ಕೊಡಲ್ಲ, ಪೋರ್ಟಲ್‌ನಲ್ಲೇ ಅವ್ರನ್ನ ಆಥರೈಸ್ ಮಾಡಿದೀನಿ, ಓಟಿಪಿ ನಾನೇ ಹಾಕೋದು.

ಮಧ್ಯ ಒಂದು ಪ್ರಯೋಗನೂ ಮಾಡ್ದೆ. ಫೀಸ್ ಉಳಿಯುತ್ತೆ ಅಂತ ಒಂದು ಕ್ವಾರ್ಟರ್ ಕ್ಯೂಆರ್‌ಎಂಪಿಗೆ (ಮೂರು ತಿಂಗಳಿಗೊಂದು ರಿಟರ್ನ್ ಹಾಕೋ ಸ್ಕೀಮ್) ಹೋದೆ. ಹಾವೇರಿ ಹೋಲ್‌ಸೇಲ್ ಪಾರ್ಟಿಗಳು "ನಿಮ್ಮ ಬಿಲ್ 2ಬಿಲಿ ಕಾಣ್ತಿಲ್ಲ" ಅಂತ ಪೇಮೆಂಟ್ ಹಿಡಿದ್ರು, ಮಧ್ಯದ ತಿಂಗಳ ಬಿಲ್ ಪಟ್ಟಿ, ಅಂದ್ರೆ ಐಎಫ್‌ಎಫ್, 13ರೊಳಗೆ ಹಾಕಿದ್ರೆ ಕಾಣುತ್ತೆ, ಆದ್ರೆ ಐಎಫ್‌ಎಫ್ ಹಾಕೋದಾದ್ರೆ ಕೆಲ್ಸ ಉಳಿತಾಯ ಆಗಿದ್ದೇನು? ವಾಪಸ್ ತಿಂಗಳ ರಿಟರ್ನ್‌ಗೇ ಬಂದೆ. ಬಿಲ್ ಫೋಟೋ ತೆಗೆದು ವಾಟ್ಸಾಪ್ ಮಾಡೋದೂ ನಡೀಲಿಲ್ಲ, ಎಣ್ಣೆ ಕೈಲಿ ತೆಗ್ದ ಫೋಟೋ ಯಾರಿಗೂ ಓದಕ್ಕಾಗಲ್ಲ.

ಮರ್ಯಾದೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. 3ನೇ ತಾರೀಕು ದರ ಇಳಿಸಿದ ಜಿಎಸ್‌ಟಿ ಕೌನ್ಸಿಲ್ ಮೀಟಿಂಗ್ ಆದ ವಾರದೊಳಗೇ ಮೇಡಂ ಟ್ಯಾಲಿಲಿ ಐಟಂ ಎಲ್ಲ ಬದಲಾಯಿಸೋ ಪಟ್ಟಿ ತಂದಿದ್ರು, ಹೊಸ ದರ ಶುರುವಾದ 22ರ ಬೆಳಿಗ್ಗೆ ಮೊದಲ ಬಿಲ್‌ನಲ್ಲೇ ಪ್ಯಾಕೆಟ್ ಮಿಕ್ಸ್ಚರ್ 5% ಆಗಿತ್ತು. ಅದಕ್ಕಿಂತ ಮುಂಚೆ ಹೋದ ಮಾಲು ವಾಪಸ್ ಬಂದ್ರೆ ಕ್ರೆಡಿಟ್ ನೋಟ್ ಹಳೇ 12ರಲ್ಲೇ ಅಂತ ಹುಡುಗ್ರಿಗೆ ಚೀಟಿ ಬರೆದು ಅಂಟ್ಸಿದ್ರು. ನಮ್ಮ ಸಾಲಲ್ಲಿ ಎಷ್ಟೋ ಜನ ಅವಾಗಲೂ 12 ಹಾಕಿ ಬಿಲ್ ಮಾಡ್ತಿದ್ರು. ಫಿಲ್ಮ್‌ಗೆ 18 ಕೊಟ್ಟು ಮಾರೋದು 5ಕ್ಕೆ, ಇನ್‌ಪುಟ್ ಗುಡ್ಡೆ ಬೀಳುತ್ತೆ, ರಿಫಂಡ್ ಹಾಕೋಣ ಅಂತ ಹೇಳಿದ್ದೂ ಅವ್ರೇ, ಅದರ ಲೆಕ್ಕ ಈಗ ನಡೀತಿದೆ.

ಜುಲೈನಲ್ಲಿ ಯುಪಿಐ ಜಮೆ ನೋಡಿ ಅಂಗಡಿಯೋರಿಗೆ ಜಿಎಸ್‌ಟಿ ನೋಟಿಸ್ ಕೊಟ್ಟ ಗಲಾಟೆ ಆದಾಗಿಂದ ಅಕ್ಕಪಕ್ಕದೋರೆಲ್ಲ ಲೆಕ್ಕದೋರನ್ನ ಹುಡುಕ್ತಿದಾರೆ, ಭಾವನೂ ಬಂದು ಚೀಲ ಕೇಳಿದ್ರು. ಕೊಟ್ಟೆ, ಆದ್ರೆ ನಾನು ಸೇರ್ಸಿದ್ದ ಬಿಲ್ ತೆಗ್ದು ಕೊಟ್ಟೆ, ನಿಮ್ಮ ಅಂಗಡಿ ಬಿಲ್ ನೀವೇ ಹಾಕ್ಕೊಳ್ಳಿ ಅಂದೆ. ಮೇಡಂ ಫೋನ್ ನಂಬರ್ ಮಾತ್ರ ಕೇಳ್ಬೇಡಿ, ಏಪ್ರಿಲ್‌ನಿಂದ ಐನೂರು ಜಾಸ್ತಿ ಮಾಡ್ತೀನಿ ಅಂತ ನಾನಾಗೇ ಹೇಳಿ ಹಿಡಿದಿಟ್ಕೊಂಡಿದೀನಿ.