ರಾತ್ರಿ ಹಲ್ಲು ತಿಕ್ಕಿಸೋದು ದೊಡ್ಡವರ ಕೆಲಸ

"ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ" ಅಂತ ದಾವಣಗೆರೆಯ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ದವಡೆಯವು 10–12 ವರ್ಷದ ತನಕ ಇರಬೇಕು. ಹುಳುಕಾಗಿ ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರೋ ಹಲ್ಲು ಸೊಟ್ಟ.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಾಲ್ಕು ವರ್ಷದ ಮೊಮ್ಮಗಳ ಹಲ್ಲು ನನ್ನ ಪಾಲಿಗೆ. ಬೆಳಿಗ್ಗೆ ಅವಳೇ ತಿಕ್ಕಿಕೊಳ್ಳಲಿ, ನಾವು ಪಕ್ಕದಲ್ಲಿದ್ದರೆ ಸಾಕು. ರಾತ್ರಿ ಮಾತ್ರ ಬ್ರಷ್ ನನ್ನ ಕೈಯಲ್ಲಿ. ಏಳೆಂಟು ವರ್ಷದ ತನಕ ಮಕ್ಕಳ ಕೈ ಅಷ್ಟು ಸರಿಯಾಗಿ ತಿರುಗೋದಿಲ್ಲ.

ಅಂಗಾತ ಮಲಗಿಸಿ, ತಲೆ ನನ್ನ ತೊಡೆ ಮೇಲೆ. ಬೆರಳಿಂದ ಮೇಲ್ತುಟಿ ಎತ್ತಿದರೆ ಎಲ್ಲ ಕಾಣುತ್ತದೆ. ಮೊದಲು ಹಿಂದಿನ ದವಡೆ ಹಲ್ಲು, ಕೊನೆಗೆ ಮುಂದಿನವು. ಯಾಕೆಂದರೆ ಎರಡು ನಿಮಿಷ ತಿಕ್ಕಬೇಕು, ಮಗುವಿನ ತಾಳ್ಮೆ ಒಂದೇ ನಿಮಿಷಕ್ಕೆ ಮುಗಿಯುತ್ತದೆ! ಬ್ರಷ್ಷಿನ ಎಳೆ ಅರ್ಧ ಹಲ್ಲಿಗೆ, ಅರ್ಧ ವಸಡಿಗೆ ತಾಗಬೇಕು. ಸುಮ್ನೆ ಗರಗರ ಉಜ್ಜಬೇಡಿ, ಸಣ್ಣಗೆ ಸುತ್ತಿಸಿ.

ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಹುಳುಕು ತಡೆಯೋ ಫ್ಲೋರೈಡ್ 1000 ಪಿಪಿಎಂ ಇದೆಯಾ ಅಂತ ಡಬ್ಬಿ ಮೇಲೆ ನೋಡಿ. ತಿಕ್ಕಿದ ಮೇಲೆ ಉಗುಳಿಸಿ, ನೀರು ಹಾಕಿ ಮುಕ್ಕಳಿಸಬೇಡಿ. ಪೇಸ್ಟು ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ. ಆಮೇಲೆ ಹಾಲಿನ ಬಾಟಲಿ ಬೇಡ. ನೀರು ಕುಡಿಯಬಹುದು.

ತಿಂಡಿ ವಿಷಯಕ್ಕೆ ಬಂದರೆ ಎಲ್ಲರೂ ಚಾಕ್ಲೇಟನ್ನೇ ಬೈತಾರೆ. ನಮ್ಮೂರಲ್ಲಿ ಮಂಡಕ್ಕಿಯೂ ಕಮ್ಮಿ ಇಲ್ಲ. ನೆನೆದ ಮಂಡಕ್ಕಿ ದವಡೆ ಹಲ್ಲಿನ ಗುಳಿಯಲ್ಲಿ ಹಿಟ್ಟಾಗಿ ಕೂರುತ್ತದೆ, ಬೆಲ್ಲದುಂಡೆಯಾದರೆ ಇನ್ನೂ ಜಾಸ್ತಿ. ಬೇಡ ಅನ್ನಲು ನನಗೂ ಮನಸ್ಸಿಲ್ಲ. ಒಂದೇ ಸಲ ತಿಂದು ಮುಗಿಸಲಿ, ಸಂಜೆಯೆಲ್ಲ ಬಾಯಾಡಿಸೋದು ಬೇಡ.

ವಸಡಿನಂಚಿಗೆ ಸುಣ್ಣದ ಗೆರೆಯಂತೆ ಬಿಳುಪು ಕಂಡರೆ ಅದು ಹುಳುಕಿನ ಶುರು. ಆಗಲೇ ತೋರಿಸಿದರೆ ಕೊರೆಯದೆಯೂ ನಿಲ್ಲಿಸಬಹುದು. ಇಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಎರಡರಲ್ಲೂ ಮಕ್ಕಳ ಹಲ್ಲಿನ ವಿಭಾಗ ಇದೆ.

ಹಳ್ಳಿಯಲ್ಲಿ ಬೋರ್‌ವೆಲ್ ನೀರು ಕುಡಿಯುವವರಿಗೆ ಇನ್ನೊಂದು ಮಾತು. ಚಿತ್ರದುರ್ಗ, ದಾವಣಗೆರೆ ಕಡೆ ಹಲವು ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಸಲ್ಲದು. ಒಸಡಿನೊಳಗೆ ಹೊಸ ಹಲ್ಲು ತಯಾರಾಗುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ, ಮುಂದೆ ಬರುವ ಹಲ್ಲಿನ ಮೇಲೆ ಕಂದು ಕಲೆ. ತಿಕ್ಕಿದರೆ ಹೋಗಲ್ಲ, ಮಗುವನ್ನು ಗದರಿಸಬೇಡಿ. ನೀರು ಪರೀಕ್ಷೆ ಮಾಡಿಸಿ, ಶುದ್ಧ ನೀರಿನ ಘಟಕದಿಂದ ತನ್ನಿ. ಪೇಸ್ಟಲ್ಲೂ ಫ್ಲೋರೈಡ್ ಇರುತ್ತದೆ, ಅದನ್ನು ನುಂಗದ ಹಾಗೆ ನೋಡಿಕೊಳ್ಳಿ.

ಆರು ವರ್ಷ ಆಗುತ್ತಿದ್ದ ಹಾಗೆ ಮೊಬೈಲ್ ಟಾರ್ಚ್ ಹಿಡಿದು ಬಾಯಿಯ ತೀರ ಹಿಂದೆ ನೋಡಿ. ಯಾವ ಹಲ್ಲೂ ಬೀಳದೆ ಅಲ್ಲೊಂದು ದವಡೆ ಹಲ್ಲು ಬಂದಿರುತ್ತದೆ. ಅದು ಹಾಲುಹಲ್ಲಲ್ಲ, ಕೊನೆ ತನಕ ಇರಬೇಕಾದ್ದು. ಬ್ರಷ್ಷನ್ನು ಅಲ್ಲಿಯ ತನಕ ಒಯ್ಯಿರಿ.