ಮಳೇಲಿ ಮೆಟ್ಟುಪಾಳ್ಯಂನಿಂದ ಸ್ಟೀಮ್ ಟ್ರೈನ್: ನಾವು ಹೋಗಿದ್ದು ಹೀಗೆ

ಸ್ಟೀಮ್ ಎಂಜಿನ್ ನೋಡ್ಬೇಕು ಅಂತ ಏಪ್ರಿಲ್ ಮೇ ರಜೇಲಿ ಊಟಿ ಟ್ರೈನ್ ಹತ್ತೋರಿಗೆಲ್ಲಾ ನಾನು ಹೇಳೋದು ಒಂದೇ, ಮಳೆ ಬರೋವಾಗ ಹೋಗಿ. ನಿಜವಾದ ಉಗಿ ಕಣ್ಣಿಗೆ ಕಾಣಲ್ಲ, ನಾವು ನೋಡೋ ಬಿಳಿ ಮೋಡ ಅದು ತಣ್ಣಗಾಗಿ ಹನಿ ಆಗಿರೋದು, ಬಿಸಿಲಲ್ಲಿ ಆ ಹನಿ ಕ್ಷಣದಲ್ಲಿ ಆರಿ ಹೋಗತ್ತೆ, ಥಂಡಿ ಗಾಳೀಲಿ ಬೇಗ ಆರಲ್ಲ, ದಟ್ಟವಾಗಿ ಮರಗಳ ಮಧ್ಯೆ ಹಾಗೇ ಸಿಕ್ಕಾಕ್ಕೊಂಡು ನಿಂತಿರತ್ತೆ.

ಇನ್ನೊಂದು ವಿಷ್ಯ, ಊಟಿಯಿಂದ ಕೂನೂರಿಗೆ ಹೋಗಿ ಬಂದು ಸ್ಟೀಮ್ ಟ್ರೈನಲ್ಲಿ ಹೋದ್ವಿ ಅಂತ ಸ್ಟೇಟಸ್ ಹಾಕೋರು ಬಹಳ ಜನ, ಆ ಕಡೆ ಸಾಮಾನ್ಯವಾಗಿ ಎಳೆಯೋದು ಡೀಸೆಲ್ ಕಣ್ರೀ. ಉಗಿ ಇರೋದು ಕೆಳಗಡೆ ಮೆಟ್ಟುಪಾಳ್ಯಂ–ಕೂನೂರು ಮಧ್ಯೆ, ಅದೂ ಹತ್ತೋ ಕಡೆ ಕೂತ್ರೇನೇ ಮಜಾ, ಇಳಿಯೋವಾಗ ಬರೀ ಬ್ರೇಕಿನ ಕೆಲಸ.

ಬೆಳಗ್ಗೆ 7:10ಕ್ಕೆ ಗಾಡಿ ಬಿಡತ್ತೆ, ಹಾಗಾಗಿ ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ಇರ್ಬೇಕು. ನಾನೂ ನಮ್ಮ ಭಾವನೂ ಮೈಸೂರಿಂದ ಕೊಯಮತ್ತೂರು ಬಸ್ ಹಿಡಿದು ಚಾಮರಾಜನಗರ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದಲ್ಲಿ ಇಳ್ಕೊಂಡ್ವಿ, ಅಲ್ಲಿಂದ ಲೋಕಲ್ ಬಸ್ಸು. ಸ್ಟೇಷನ್ ಹತ್ರ ಒಂದು ಲಾಡ್ಜು, ಅದರ ಬಗ್ಗೆ ಹೇಳೋದು ಏನೂ ಇಲ್ಲ. ಟಿಕೆಟ್ ಮಾತ್ರ ಬುಕಿಂಗ್ ಓಪನ್ ಆದ ದಿನಾನೇ ಮಾಡಿಸಿದ್ದೆ, ಇದ್ರಲ್ಲಿ ಬೋಗಿ ಇರೋದೇ ನಾಲ್ಕೈದು, ತಡ ಮಾಡಿದ್ರೆ ವೇಟಿಂಗ್ ಲಿಸ್ಟೇ ಗತಿ.

ಯಾವಾಗ ಹೋಗೋದು ಅನ್ನೋದು ಸ್ವಲ್ಪ ಲೆಕ್ಕಾಚಾರದ ವಿಷ್ಯ. ನಮ್ಮ ಕಡೆ ಮುಂಗಾರು ಹೊಡೀತಿರೋವಾಗ ಈ ಪೂರ್ವದ ಇಳಿಜಾರಿಗೆ ಅಷ್ಟು ಮಳೆ ಇರಲ್ಲ, ಕೂನೂರಿಗೆ ಜೋರು ಮಳೆ ಹಿಂಗಾರಲ್ಲಿ. ಆದ್ರೆ ಅಕ್ಟೋಬರ್ ನಡುವೆಯಿಂದ ಡಿಸೆಂಬರ್ ತನಕ ಗುಡ್ಡ ಕುಸಿದು ಹಳಿ ಮೇಲೆ ಬಂಡೆ ಬೀಳೋದು, ಟ್ರೈನ್ ಕ್ಯಾನ್ಸಲ್ ಆಗೋದು ಮಾಮೂಲು. ಅದಕ್ಕೆ ನಾನು ಅಕ್ಟೋಬರ್ ಮೊದಲ ವಾರ ಹಿಡ್ಕೊಂಡೆ, ಹಿಂಗಾರು ಇನ್ನೂ ಪೂರ್ತಿ ಹಿಡಿದಿರಲಿಲ್ಲ, ಆದ್ರೂ ಬೆಳಗಿನ ಜಾವದಿಂದ್ಲೇ ಜಿಟಿಜಿಟಿ ಶುರು ಆಗಿತ್ತು.

ಭವಾನಿ ನದಿ ದಾಟಿ ಅಡಿಕೆ ತೋಟದ ಮಧ್ಯೆ ಕಲ್ಲಾರ್ ತನಕ ಸುಮಾರು ಸಮತಟ್ಟು. ಎಂಜಿನ್ ಮುಂದೆ ಇರಲ್ಲ, ಹಿಂದಿನಿಂದ ತಳ್ಳತ್ತೆ. ಕಲ್ಲಾರ್ ಆದ್ಮೇಲೆ 12 ಅಡಿ ಮುಂದೆ ಹೋದ್ರೆ 1 ಅಡಿ ಮೇಲೇರೋ ಕಡಿದಾದ ಏರು. ಭಾವನಿಗೆ ಅಲ್ಲೇ ಭಯ, "ಹಳಿ ಒದ್ದೆ ಆಗಿದ್ಯಲ್ಲೋ, ಚಕ್ರ ಜಾರಿದ್ರೆ?" ಅಂದ್ರು. ಜಾರಲ್ಲ ಭಾವ, ಇಲ್ಲಿ ಹಳಿ ನಡುವೆ ಹಲ್ಲಿರೋ ಕಬ್ಬಿಣದ ಪಟ್ಟಿ ಎರಡು ಅಕ್ಕಪಕ್ಕ ಇರತ್ತೆ, ಒಂದರ ಹಲ್ಲು ಇರೋ ಕಡೆ ಇನ್ನೊಂದರ ಸಂದು ಬರೋ ಹಾಗೆ, ಎಂಜಿನ್ ಕೆಳಗಿನ ಹಲ್ಲುಚಕ್ರ ಅದನ್ನ ಕಚ್ಚಿಕೊಂಡೇ ಹತ್ತತ್ತೆ, ಒಂದು ಹಲ್ಲು ಬಿಡೋ ಮುಂಚೆ ಇನ್ನೊಂದು ಹಿಡಿದಿರತ್ತೆ ಅಂತ ವಿವರಿಸಿದೆ. ಆಬ್ಟ್ ಪದ್ಧತಿ ಅಂತಾರೆ, 1899ರಲ್ಲಿ ಕೂನೂರು ತನಕ ಲೈನ್ ಹಾಕಿದಾಗಿಂದ ಇದೇ. ಗಂಟೆಗೆ 13 ಕಿಲೋಮೀಟರ್ ಅಂತ ಇಟ್ಕೊಳ್ಳಿ, ಸೈಕಲ್ ಸ್ಪೀಡು.

ಪ್ರತಿ ಬೋಗಿ ತುದೀಲಿ ಒಬ್ಬ ಬ್ರೇಕ್ಸ್‌ಮನ್ ನಿಂತಿರ್ತಾರೆ. ನಮ್ಮ ಬೋಗಿಯವರು ಹಳೇ ರೇನ್‌ಕೋಟ್ ಹಾಕ್ಕೊಂಡು, ಬಾವುಟ ಕಂಕುಳಲ್ಲಿ ಸಿಕ್ಕಿಸ್ಕೊಂಡು, ಟನಲ್ ಬಂದಾಗೆಲ್ಲಾ ತಲೆ ಒಳಗೆ ಎಳ್ಕೊಳ್ಳೋರು, ಯಾಕಂದ್ರೆ ಟನಲ್ ಬಾಯಿ ಕಲ್ಲಿಂದ ನೀರು ಧಾರೆಯಾಗಿ ನೇರ ಕತ್ತಿಗೇ ಇಳಿಯೋದು. ಮಕ್ಕಳು ಟನಲ್ ಬಂದಾಗ ಕೂಗೋದು ಮಳೇಲೂ ನಿಲ್ಲಲಿಲ್ಲ. ಈ ಲೈನಲ್ಲಿ ಟನಲ್ 16 ಇವೆ, ಅಂದ್ರೆ ಕಿವಿಗೆ ಒಳ್ಳೇ ಪರೀಕ್ಷೆ.

ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸೋಕೆ ನಿಲ್ಸಿದ್ರು. ಎಲ್ರೂ ಟೀ, ವಡೆ ಅಂತ ಓಡಿದ್ರು, ಕೋತಿಗಳೂ ಓಡಿದ್ವು, ನಾನು ಎಂಜಿನ್ ಹತ್ರ ಹೋದೆ. ಇದು ಎಕ್ಸ್ ಕ್ಲಾಸ್ ಎಂಜಿನ್, ಮೊದಲಿನವು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದಿದ್ದು, ಆಮೇಲೆ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಲ್ಲೂ ಮಾಡಿದ್ದಾರೆ. ಪಕ್ಕದಲ್ಲಿ ಸಿಲಿಂಡರ್ ಎರಡೆರಡು, ಒಂದರ ಮೇಲೊಂದು. ಕೆಳಗಿಂದು ಮಾಮೂಲಿ ಚಕ್ರಕ್ಕೆ, ಅಲ್ಲಿ ದುಡಿದ ಉಗೀನೇ ಮೇಲಿನದಕ್ಕೆ ಹೋಗಿ ಹಲ್ಲುಚಕ್ರ ತಿರುಗಿಸತ್ತೆ, ಒಂದೇ ಉಗೀಲಿ ಎರಡು ಕೆಲಸ. ಬಾಯ್ಲರ್ ಮೇಲೆ ಬಿದ್ದ ಹನಿ ಚುಯ್ ಅಂತ ಆರ್ತಿತ್ತು, ಹಳಿ ನಡುವಿನ ಹಲ್ಲಿನ ಪಟ್ಟೀಲಿ ಗ್ರೀಸ್ ಮೇಲೆ ನೀರು ಮುತ್ತು ಮುತ್ತಾಗಿ ಉರುಳ್ತಿತ್ತು. ವಿಸಲ್ ಹೊಡೀತು ಅಂತ ಭಾವ ಕೂಗ್ದೇ ಇದ್ದಿದ್ರೆ ಇನ್ನೂ ಅಲ್ಲೇ ನಿಂತಿರ್ತಿದ್ದೆ.

ಹೋಗೋರಿಗೆ ಒಂದೆರಡು ಮಾತು. ಬೋಗೀಲಿ ಟಾಯ್ಲೆಟ್ ಇಲ್ಲ, ಸ್ಟೇಷನ್ ಬಂದಾಗ ಸೋಮಾರಿತನ ಮಾಡ್ಬೇಡಿ. ಛತ್ರಿ ಬೇಡ, ಅಷ್ಟು ಇಕ್ಕಟ್ಟಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚತ್ತೆ, ರೇನ್‌ಕೋಟೇ ಸರಿ. ಕಿಟಕಿ ಪೂರ್ತಿ ಮುಚ್ಚಿದ್ರೆ ಉಸಿರಿಗೆ ಗಾಜು ಮಸುಕಾಗಿ ಏನೂ ಕಾಣಲ್ಲ, ಅದಕ್ಕೆ ಒಂದು ಹಳೇ ಟವೆಲ್ ಇಟ್ಕೊಂಡು ನಾವು ಅರ್ಧ ತೆಗೆದೇ ಕೂತಿದ್ವಿ, ಒಂದು ತೋಳು ನೆಂದ್ರೆ ನೆನೀಲಿ.

ಕೂನೂರಲ್ಲಿ ಉಗಿ ಎಂಜಿನ್ ಬಿಚ್ಚಿ ಡೀಸೆಲ್ ಹಾಕಿದ್ರು. ಅಲ್ಲಿಂದ ಮೇಲೆ ಟೀ ತೋಟ, ಕೇತ್ತಿ ಕಣಿವೆ ಎಲ್ಲಾ ಚೆನ್ನಾಗೇ ಇದೆ, ಆದ್ರೆ ನನಗಂತೂ ಆಸಕ್ತಿ ಅರ್ಧ ಇಳಿದಿತ್ತು, ಎದುರು ಸೀಟಲ್ಲಿದ್ದ ನೀಲಗಿರಿಯ ಬಡಗ ಸಮುದಾಯದ ಅಜ್ಜಿ ಜೊತೆ ಅವರ ಮಾತಲ್ಲಿ ಅವರು, ನಮ್ಮ ಕನ್ನಡದಲ್ಲಿ ನಾವು ಹರಟೆ ಹೊಡ್ಕೊಂಡು ಹೋದ್ವಿ. ಮಧ್ಯಾಹ್ನದ ಹೊತ್ತಿಗೆ ಊಟಿ. ವಾಪಸ್ ಗೂಡಲೂರು ಮೇಲೆ ಬರೋದಾದ್ರೆ ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕ್ತಾರೆ, ಮಳೇಲಿ ಘಾಟಿ ನಿಧಾನ ಬೇರೆ, ಊಟ ಮುಗಿಸಿ 3 ಗಂಟೆ ಒಳಗೆ ಮೈಸೂರು ಬಸ್ ಹತ್ತಿಬಿಡಿ.